ಹಿಂದೆ ಹಿಡಿಯಿರುವ ಸೈಕಲ್ಲು

ನಮ್ಮ ಮನೆಯಲ್ಲಿ ಯಾರೂ ಯಾರಿಗೂ 'ಬೇಡ' ಅನ್ನುವುದಿಲ್ಲ. ಇದನ್ನು ಕೇಳಿದವರೆಲ್ಲ "ಪುಣ್ಯ ಮಾಡಿದ್ದೆ ಕಣೇ" ಅನ್ನುತ್ತಾರೆ. ಪುಣ್ಯವೋ ಪಾಪವೋ, ಒಳಗಿದ್ದು ನೋಡಿದವರಿಗೆ ಗೊತ್ತು. ಬೇಡ ಅಂದರೆ ಕನಿಷ್ಠಪಕ್ಷ ಜಗಳವಾದರೂ ಆಡಬಹುದು. ನಮ್ಮತ್ತೆ ಹಾಗನ್ನುವುದಿಲ್ಲ. "ಆಗ್ಲಿ ಕಣಮ್ಮ, ಆದ್ರೆ..." ಅನ್ನುತ್ತಾರೆ. ಆ 'ಆದ್ರೆ' ಬಂತೋ, ಮುಗಿಯಿತು. ಯಾರ ಮೇಲೆ ಅಂತ ಎಗರಾಡಲಿ?

ನನ್ನ ಸ್ಕೂಟರ್ ನಿಂತಿದ್ದೂ ಹಾಗೇ. ಮದುವೆಗೆ ಮುಂಚೆ ನಾನು ಮಂಡಕಳ್ಳಿಯ ತವರುಮನೆಯಿಂದ ಗೋಕುಲಂವರೆಗೆ, ಅಂದರೆ ಮೈಸೂರಿನ ಆ ತುದಿಯಿಂದ ಈ ತುದಿಗೆ, ದಿನಾ ಗಾಡಿಯಲ್ಲಿ ಹೋಗಿ ಬರುತ್ತಿದ್ದವಳು. ಅಲ್ಲೊಂದು ಯೋಗಶಾಲೆಯ ಆಫೀಸಿನಲ್ಲಿ ಕೆಲಸ. ಮದುವೆಯಾಗಿ ಲಷ್ಕರ್ ಮೊಹಲ್ಲಾದ ಈ ಮನೆಗೆ ಬಂದ ಮೇಲೂ ಬಿಡಲಿಲ್ಲ. ಕೆಳಗೆ ನಮ್ಮ ಮನೆಯವರ ಪಾತ್ರೆ ಅಂಗಡಿ, ಮೇಲೆ ನಾವು, ಅಂದರೆ ಅತ್ತೆ, ನಮ್ಮ ಮನೆಯವರು, ನಾನು. ಬಸುರಿಯಾದಾಗ ಅತ್ತೆ ಹೇಳಿದರು, "ಹೋಗು ಕಣಮ್ಮ, ಆದ್ರೆ ರಸ್ತೆ ಹಳ್ಳ ದಿಣ್ಣೆ ನೋಡಿದ್ಯಾ?" ಬಾಣಂತನ ಮುಗಿದ ಮೇಲೆ, "ಹೋಗು, ಆದ್ರೆ ಮಗು ಹಾಲು ಬಿಡ್ಲಿ." ಹಾಲು ಬಿಟ್ಟಿತು. "ಮಳೆಗಾಲ ಒಂದು ಕಳೀಲಿ." ಮಳೆಗಾಲ ಕಳೆಯುವ ಹೊತ್ತಿಗೆ ಸ್ಕೂಟರಿನ ಬ್ಯಾಟರಿ ಸತ್ತಿತ್ತು, ಕೆಲಸಕ್ಕೆ ಬೇರೆ ಯಾರೋ ಬಂದಿದ್ದರು. ಗಾಡಿ ಮೆಟ್ಟಿಲ ಕೆಳಗೆ ಮುಸುಕು ಹಾಕಿಕೊಂಡು ಕೂತಿತು, ನಾನು ಮೆಟ್ಟಿಲ ಮೇಲೆ ಕೂತೆ.

ಆಯುಧಪೂಜೆಗೆ ಮಾತ್ರ ಅದರ ಮುಸುಕು ತೆಗೆಯುತ್ತೇವೆ. ತೊಳೆದು, ಗಾಡಿಯ ಮುಂದಿನ ದೀಪದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಯಾರ ಗಾಡಿಯೋ ಅವರೇ ಅದರ ಮೇಲೆ ಕೂತು ನಿಂಬೆಹಣ್ಣು ತುಳಿಸಬೇಕು, ಅದು ಈ ಮನೆಯ ಪದ್ಧತಿ. ನನ್ನದು ಸ್ಟಾರ್ಟ್ ಆಗುವುದಿಲ್ಲವಲ್ಲ. ಅದಕ್ಕೇ ನಾನು ರೇಷ್ಮೆ ಸೀರೆ ಉಟ್ಟು ಮೇಲೆ ಕೂರುತ್ತೇನೆ, ನಮ್ಮ ಮನೆಯವರು ಹಿಂದಿನಿಂದ ತಳ್ಳುತ್ತಾರೆ, ನಿಂಬೆಹಣ್ಣು ಪಚಕ್ ಅನ್ನುತ್ತದೆ, ಒಂದು ಫೋಟೋ. ಆಮೇಲೆ ಮತ್ತೆ ಮುಸುಕು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಮಗಳಿಗೆ ಸೈಕಲ್ ತರುವ ಮಾತು ಬಂದಾಗ ನಾನು ಅಷ್ಟೊಂದು ಹಟ ಹಿಡಿದದ್ದು ಯಾಕೆ ಅಂತ ಗೊತ್ತಾಗಲಿ ಅಂತ.

ಅವಳಿಗೆ ಎರಡು ತುಂಬಿತ್ತು. ಇಡೀ ದಿನ ಮೊದಲ ಮಹಡಿಯ ಕಿಟಕಿಯ ಕಂಬಿ ಹಿಡಿದುಕೊಂಡು ಕೆಳಗೆ ಹೋಗುವ ಆಟೋಗಳಿಗೆ "ಟಾಟಾ" ಅನ್ನುವುದೇ ಅವಳ ಕೆಲಸ. ನಮ್ಮ ಬೀದಿಯಲ್ಲಿ ಮಗು ಬಿಟ್ಟು ಆಡಿಸುವಂತಿಲ್ಲ, ಒಪ್ಪುತ್ತೇನೆ. ಒಂದು ಕಡೆ ಅಂಗಡಿ ಸಾಮಾನು, ಇನ್ನೊಂದು ಕಡೆ ನಿಲ್ಲಿಸಿದ ಬೈಕು, ನಡುವೆ ಉಳಿದ ಜಾಗದಲ್ಲಿ ಇಡೀ ಮೈಸೂರು. ಆದರೂ ಬೆಳಿಗ್ಗೆ ಅಂಗಡಿಗಳು ಬಾಗಿಲು ತೆಗೆಯುವ ಮುಂಚೆ ಒಂದಷ್ಟು ಹೊತ್ತು ಬೀದಿ ಖಾಲಿ ಇರುತ್ತದೆ. ಆಗ ಅವಳು ತಾನೇ ಪೆಡಲ್ ತುಳಿದುಕೊಂಡು ಮೂಲೆಯ ಕಾಂಡಿಮೆಂಟ್ಸ್ ಅಂಗಡಿವರೆಗೆ ಹೋಗಿ ಬರಲಿ, ಅಷ್ಟೇ ನನ್ನ ಆಸೆ.

ಗೋಕುಲಂನಲ್ಲಿ ಕೆಲಸದಲ್ಲಿದ್ದಾಗ ಒಂದು ನೋಡಿದ್ದೆ. ಯೋಗ ಕಲಿಯಲು ಬಂದ ಒಬ್ಬ ವಿದೇಶಿ ಹೆಂಗಸು ತನ್ನ ಪುಟ್ಟ ಮಗುವನ್ನು ಸೈಕಲ್ಲಿನ ಮೇಲೆ ರಸ್ತೆಗೆ ಬಿಟ್ಟು, ತಾನು ಎಳನೀರಿನ ಗಾಡಿಯ ಹತ್ತಿರ ನಿಂತು ಕುಡಿಯುತ್ತಿದ್ದಳು. ಮಗು ಬಿತ್ತು. ಎಳನೀರಿನವನು ಕತ್ತಿ ಬಿಟ್ಟು ಓಡಿದ. ಇವಳು ಅಲ್ಲಾಡಲಿಲ್ಲ. ಮಗು ಎದ್ದು, ಮೊಣಕಾಲು ನೋಡಿಕೊಂಡು, ಮತ್ತೆ ಹತ್ತಿತು. 'ಎಂಥ ಕಲ್ಲು ಹೃದಯ ಇವಳದು' ಅಂತ ಅವತ್ತು ಬೈದುಕೊಂಡಿದ್ದೆ. ಮಗಳು ಹುಟ್ಟಿದ ಮೇಲೆ ಆ ಹೆಂಗಸು ಆಗಾಗ ನೆನಪಿಗೆ ಬರುತ್ತಾಳೆ.

ಗಣೇಶನ ಹಬ್ಬ ಕಳೆದಿತ್ತು. "ಪಿತೃಪಕ್ಷ ಶುರುವಾದ್ರೆ ಹೊಸದು ತರೋ ಹಾಗಿಲ್ಲ, ಇವತ್ತೇ ತಂದ್ಬುಡೋಣ" ಅಂತ ಅತ್ತೆಯೇ ಹೊರಡಿಸಿದರು. ಎಲ್ಲರೂ ಒಂದು ಆಟೋದಲ್ಲಿ ಮಕ್ಕಳ ಸೈಕಲ್ ಅಂಗಡಿಗೆ ಹೋದೆವು. ದಾರಿಯುದ್ದಕ್ಕೂ "ನೀನೇ ಆರಿಸು ಕಣಮ್ಮ, ನಿನ್ ಮಗಳು" ಅಂತ ಅತ್ತೆ. "ನಿಂಗೆ ಬಿಟ್ಟಿದ್ದು" ಅಂತ ಇವರು. ನನಗೂ ಹುಚ್ಚು, ನಂಬಿದೆ.

ನಾನು ಕೆಂಪು ಬಣ್ಣದ್ದೊಂದು ಆರಿಸಿದೆ. ಮೂರು ಚಕ್ರ, ಒಂದು ಸೀಟು, ಒಂದು ಹ್ಯಾಂಡಲ್, ಮುಂದಿನ ಚಕ್ರಕ್ಕೇ ಪೆಡಲ್. ಇನ್ನೇನೂ ಇಲ್ಲ. ಮಗಳನ್ನು ಕೂರಿಸಿದರೆ ಕಾಲ ಬೆರಳಷ್ಟೇ ಪೆಡಲಿಗೆ ತಾಗುತ್ತಿತ್ತು. ಆದರೂ ಮುಖ ಕೆಂಪಗೆ ಮಾಡಿಕೊಂಡು ಒತ್ತಿದಳು ನೋಡಿ, ಸೈಕಲ್ ಒಂದು ಗೇಣು ಮುಂದೆ ಹೋಯಿತು! ಅವಳೇ ಬೆಚ್ಚಿಬಿದ್ದು ನನ್ನ ಮುಖ ನೋಡಿದಳು. ನನಗೆ ಆದ ಖುಷಿ ಹೇಳತೀರದು. "ಇದೇ" ಅಂದೆ.

"ಆಗ್ಲಿ, ಇದೇ ತಗೊಳೋಣ" ಅಂದರು ಅತ್ತೆ. "ಆದ್ರೆ ಮಗು ಬಿದ್ರೆ?"

ಅಂಗಡಿಯವನು ಕಾದಿದ್ದವನ ಹಾಗೆ ಇನ್ನೊಂದನ್ನು ಎಳೆದುಕೊಂಡು ಬಂದ. ಮೇಲೆ ಬಿಸಿಲಿಗೆ ಕೊಡೆ, ಸೊಂಟಕ್ಕೆ ಬೆಲ್ಟು, ಸುತ್ತ ಕಟಕಟೆ, ಕಾಲಿಡಲು ಹಲಗೆ, ಹಿಂದೆ ದೊಡ್ಡವರು ಹಿಡಿದು ತಳ್ಳಲು ಉದ್ದನೆಯ ಹಿಡಿ. "ಕಂಟ್ರೋಲ್ ಪೂರ್ತಿ ನಿಮ್ ಕೈಲೇ ಇರತ್ತೆ ಅಮ್ಮ" ಅಂತ ಅತ್ತೆಗೆ ತೋರಿಸಿದ. "ಈ ಹಿಡಿ ತಿರುಗಿಸಿದ್ರೆ ಮುಂದಿನ್ ಚಕ್ರ ತಿರುಗತ್ತೆ. ಮಗು ಹ್ಯಾಂಡಲ್ ಎಂಗಾದ್ರೂ ತಿರುಗಿಸಿಕೊಳ್ಲಿ, ಗಾಡಿ ನೀವು ಹೇಳಿದ್ ಕಡೇನೇ ಹೋಗೋದು. ಪೆಡಲ್ಲೂ ಅಷ್ಟೇ, ಸುಮ್ನೆ ತಿರುಗ್ತಾ ಇರತ್ತೆ."

"ಮಗೂಗೆ ಗೊತ್ತಾಗಲ್ವಾ?" ಅಂತ ಕೇಳಿದೆ.

"ಎಲ್ಲಿ ಗೊತ್ತಾಗತ್ತೆ ಮೇಡಂ, ತಾನೇ ಓಡಿಸ್ತಿದೀನಿ ಅನ್ಕೊಂಡಿರತ್ತೆ" ಅಂದು ನಕ್ಕ.

ಮೈ ಉರಿದುಹೋಯಿತು. ಇವರ ಕಡೆ ನೋಡಿದೆ. ಇವರು ಸೈಕಲ್ಲಿನ ಬೆಲ್ಲು ಬಾರಿಸಿ ನೋಡುತ್ತಿದ್ದರು. "ಅಮ್ಮ ಹೇಳೋದ್ರಲ್ಲೂ ಅರ್ಥ ಇದೆ ಕಣೇ. ಆ ಹಿಡಿ ಬೇಕಾದಾಗ ತೆಗೀಬೋದಂತೆ. ದೊಡ್ಡವಳಾದ ಮೇಲೆ ತೆಗೆದ್ರಾಯ್ತು." ಅತ್ತೆ ನನ್ನ ಭುಜ ಸವರಿ, "ನಿಂಗೆ ಇಷ್ಟ ಇಲ್ದಿದ್ರೆ ಕೆಂಪುದೇ ತಗೊಳೋಣ ಕಣಮ್ಮ, ಬೇಜಾರು ಮಾಡ್ಕೋಬೇಡ" ಅಂದರು. ಅಯ್ಯೋ ಶಿವನೇ! ಅಷ್ಟು ಹೇಳಿದ ಮೇಲೆ ಕೆಂಪುದು ಬೇಕು ಅನ್ನುವುದಕ್ಕೆ ಯಾವ ಬಾಯಿ? ನಾಳೆ ಮಗು ಬಿದ್ದು ಹಲ್ಲು ಮುರಿದುಕೊಂಡರೆ ಅದು ನನ್ನ ಆಯ್ಕೆಯ ಹಲ್ಲಾಗುತ್ತದೆ. "ಇದೇ ಇರಲಿ ಬಿಡಿ" ಅಂತ ನನ್ನ ಬಾಯಿಂದಲೇ ಬಂತು. ಮನೆಗೆ ಬಂದ ಮೇಲೆ ಅತ್ತೆ ಪಕ್ಕದ ಮನೆಯವರಿಗೆ ಹೇಳಿದರು, "ನಮ್ ಸೊಸೇನೇ ಆರಿಸಿದ್ದು."

ಆಯುಧಪೂಜೆಯಾಗುವವರೆಗೆ ಹೊಸ ಗಾಡಿ ಬೀದಿಗೆ ಇಳಿಸುವ ಹಾಗಿಲ್ಲ. ಮೂರು ಚಕ್ರದ್ದಾದರೂ ಗಾಡಿ ಗಾಡಿಯೇ. ಹಾಗಾಗಿ ಪಿತೃಪಕ್ಷ ಪೂರ್ತಿ, ಆಮೇಲೆ ನವರಾತ್ರಿ ಪೂರ್ತಿ, ಅದು ಓಡಿದ್ದು ನಮ್ಮ ನಡುಮನೆಯಲ್ಲಿ. ದೇವರ ಮನೆ ಬಾಗಿಲಿನಿಂದ ಅಡುಗೆ ಮನೆ ಬಾಗಿಲಿಗೆ, ಅಲ್ಲಿಂದ ವಾಪಸ್ಸು. ತಳ್ಳುವವರು ಅತ್ತೆ.

ಮೊದಮೊದಲು ಮಗಳು ಜಗ್ಗಲಿಲ್ಲ. ಮೆಟ್ಟಿಲ ಬಾಗಿಲಿನ ಕಡೆಗೆ ಹ್ಯಾಂಡಲ್ ತಿರುಗಿಸುತ್ತಾಳೆ, ಸೈಕಲ್ ಅಡುಗೆ ಮನೆಗೆ ಹೋಗುತ್ತದೆ. ಮತ್ತೆ ತಿರುಗಿಸುತ್ತಾಳೆ, ದೇವರ ಮನೆಗೆ ಹೋಗುತ್ತದೆ. ರಂಪ ಅಂದರೆ ರಂಪ. ಹ್ಯಾಂಡಲಿಗೆ ಹೊಡೆಯುತ್ತಿದ್ದಳು, ಪೆಡಲಿಗೆ ಒದೆಯುತ್ತಿದ್ದಳು. ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಾ, 'ಒದಿ ಮಗಳೇ, ಇನ್ನೂ ಜೋರಾಗಿ ಒದಿ' ಅಂದುಕೊಳ್ಳುತ್ತಿದ್ದೆ.

ಒಂದು ದಿನ ನಡುಮನೆಯಲ್ಲಿ ಸದ್ದಿಲ್ಲ. ಬಂದು ನೋಡಿದರೆ ಅತ್ತೆ ಎಡಗೈಯಲ್ಲಿ ತಳ್ಳುತ್ತಾ ಬಲಗೈಯಲ್ಲಿ ತುತ್ತು ಕೊಡುತ್ತಿದ್ದಾರೆ. ಮಗಳು ಹ್ಯಾಂಡಲ್ ಬಿಟ್ಟು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಹಲಗೆಯ ಮೇಲೆ ಕಾಲು ಚಾಚಿ, ಬಾಯಿ ತೆರೆದು ಕೂತಿದ್ದಾಳೆ. ಹುಟ್ಟಿದಾಗಿನಿಂದ ಒಂದು ತುತ್ತಿಗೂ ಸತಾಯಿಸಿದವಳು ತಟ್ಟೆ ಖಾಲಿ ಮಾಡಿದ್ದಳು. "ನೋಡಮ್ಮ ಎಷ್ಟು ಚೆನ್ನಾಗಿ ಉಂಡ್ಳು" ಅಂತ ಅತ್ತೆಯ ಕಣ್ಣಲ್ಲಿ ನೀರು. ಅತ್ತೆಯ ಸೊಂಟ ಹಿಡಿದುಕೊಂಡಿತ್ತು, ಆದರೂ ಬಗ್ಗಿಕೊಂಡು ಅಷ್ಟು ದೂರ ತಳ್ಳಿದ್ದರು. ನಾನೇನು ಹೇಳಲಿ? ಉಣ್ಣಿಸಬೇಡಿ ಅನ್ನಲೇ? ತಟ್ಟೆ ಇಸಿದುಕೊಂಡು ಹೋಗಿ ತೊಳೆದೆ. ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಆಮೇಲೆ ದಿನಾ ಅದೇ. ಕೈಗೆ ಬಾಳೆಹಣ್ಣು ಬಂತು, ಬಿಸ್ಕತ್ತು ಬಂತು. ನಾನು ಒಮ್ಮೆ ಅವಳ ಕೈಯನ್ನು ಹ್ಯಾಂಡಲಿನ ಮೇಲಿಟ್ಟೆ. ಅದನ್ನು ತೆಗೆದು ಮತ್ತೆ ತೊಡೆಯ ಮೇಲಿಟ್ಟುಕೊಂಡಳು. ಪೂಜೆ ಬೇಗ ಬರಲಿ, ಇವಳು ಪೂರ್ತಿ ಮರೆಯುವ ಮುಂಚೆ ಬರಲಿ ಅಂತ ದಿನ ನೂಕಿದೆ.

ಆಯುಧಪೂಜೆಯ ಬೆಳಿಗ್ಗೆ ಎಲ್ಲರೂ ಸ್ನಾನದ ಗಡಿಬಿಡಿಯಲ್ಲಿದ್ದಾಗ ಸೈಕಲ್ಲನ್ನು ಕೆಳಗೆ ಒಯ್ದು, ಗುಂಡಿ ಒತ್ತಿ ಹಿಡಿಯನ್ನು ಎಳೆದುಹಾಕಿದೆ. ಬೆಲ್ಟು ಬಿಚ್ಚಿದೆ, ಕಟಕಟೆ, ಕಾಲಿಡುವ ಹಲಗೆ ಕಳಚಿದೆ, ಪೆಡಲ್ ಚಕ್ರಕ್ಕೆ ಕಚ್ಚಿಕೊಳ್ಳುವಂತೆ ಮಾಡಿದೆ. ಬಿಡಿ ಭಾಗಗಳನ್ನೆಲ್ಲ ಅಂಗಡಿಯ ಹಳೇ ಹಂಡೆಗಳ ಹಿಂದೆ ತುರುಕಿದೆ. ಏನೋ ಕಳ್ಳತನ ಮಾಡಿದವಳ ಹಾಗೆ ಸುತ್ತ ನೋಡಿಕೊಂಡು ಮೆಟ್ಟಿಲು ಹತ್ತಿದೆ.

ಅತ್ತೆ ನೋಡಿದರು. ಹಬ್ಬದ ದಿನ, ಬೀದಿಯವರೆಲ್ಲ ನಿಂತಿದ್ದಾರೆ, ಕುಂಕುಮದ ಬಟ್ಟಲು ಎತ್ತಿಕೊಂಡರು. ಬೀದಿ ತೊಳೆದು ರಂಗೋಲಿ ಹಾಕಿತ್ತು. ಮುಂದೆ ಮಗಳ ಸೈಕಲ್, ಪಕ್ಕದಲ್ಲಿ ಇವರ ಬೈಕು, ಅದರ ಪಕ್ಕ ನನ್ನ ಸ್ಕೂಟರ್, ಎಲ್ಲಕ್ಕೂ ವಿಭೂತಿ, ಎಲ್ಲಕ್ಕೂ ಹಾರ. ಕುಂಬಳಕಾಯಿ ಒಡೆದಾಯಿತು. ಇವರು ಬೈಕು ಸ್ಟಾರ್ಟ್ ಮಾಡಿ ಭರ್ ಅಂತ ನಿಂಬೆಹಣ್ಣು ತುಳಿಸಿ ಬಂದರು. ಆಮೇಲೆ ವಾಡಿಕೆಯಂತೆ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಕೂಟರ್ ಹತ್ತಿದೆ, ಇವರು ಹಿಂದೆ ಬಂದು ಸೀಟಿನ ಮೇಲೆ ಕೈಯಿಟ್ಟು ನಿಂತರು. "ಮೊದ್ಲು ಪುಟ್ಟೀದು ಆಗ್ಲಿ" ಅಂದರು ಅತ್ತೆ.

ಎಲ್ಲರೂ ಮಗಳ ಕಡೆ ತಿರುಗಿದರು. "ತುಳಿ ಕಂದ, ತುಳಿ ಚಿನ್ನ" ಅಂತ ಚಪ್ಪಾಳೆ. ಅವಳು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡಳು. ಹಲಗೆ ಇಲ್ಲದ್ದಕ್ಕೆ ಕಾಲು ಎಲ್ಲಿಡುವುದು ತಿಳಿಯದೆ ನೇತಾಡಿಸಿದಳು. ಆಮೇಲೆ ಹಿಂದೆ ತಿರುಗಿ, "ಅಜ್ಜೀ, ತಳ್ಳು" ಅಂದಳು.

ಜನ ಗೊಳ್ಳೆಂದು ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು. "ಯಾರೂ ತಳ್ಳಬೇಡಿ! ನೀನೇ ತುಳಿಯೇ! ಅಂಗಡೀಲಿ ತುಳಿದಿರ್ಲಿಲ್ವಾ? ನಿನ್ ಗಾಡಿ ನೀನೇ ಓಡಿಸ್ಬೇಕು!" ಅಂತ ಸ್ಕೂಟರಿನ ಮೇಲಿಂದ ಕೂಗಿದೆ. ಹಬ್ಬದ ದಿನ, ಎರಡು ವರ್ಷದ ಮಗುವಿನ ಮೇಲೆ.

ಅವಳು ಅಳಲಿಲ್ಲ. ನನ್ನನ್ನು ನೋಡಿದಳು, ನನ್ನ ಹಿಂದೆ ನಿಂತಿದ್ದ ಅಪ್ಪನನ್ನು ನೋಡಿದಳು. ಸ್ವಲ್ಪ ಯೋಚಿಸಿ, ಎಲ್ಲರಿಗೂ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. "ಅಮ್ಮಂಗೆ ಅಪ್ಪ ತಳ್ತಾರೆ. ನಂಗೆ ಅಜ್ಜಿ."

ನಾನು ನನ್ನ ಕೈ ನೋಡಿಕೊಂಡೆ. ಎರಡೂ ಮಡಿಲಲ್ಲಿದ್ದವು.

ಸ್ಕೂಟರಿನಿಂದ ಇಳಿದೆ. "ತಳ್ಳಬೇಡಿ ಬಿಡಿ" ಅಂತ ಇವರಿಗೆ ಹೇಳಿದೆ. "ಹಾಗಂದ್ರೆ ಹೇಗೇ, ನಿಂಬೆಹಣ್ಣು ಇಟ್ಟಾಗಿದೆ" ಅಂದರು ಇವರು. ಅತ್ತೆ ಹತ್ತಿರ ಬಂದು ಮೆಲ್ಲಗೆ, "ತುಳಿಸ್ದೆ ಬಿಟ್ರೆ ಒಳ್ಳೇದಲ್ಲ ಕಣಮ್ಮ, ಗಾಡಿ ಒಂಚೂರು ಮುಂದೆ ಹೋಗ್ಲಿ" ಅಂದರು.

"ಆಗ್ಲಿ ಅತ್ತೆ" ಅಂದೆ. "ಆದ್ರೆ ಅದು ಸ್ಟಾರ್ಟ್ ಆದ್ಮೇಲೆ."

ಅತ್ತೆ ನನ್ನ ಮುಖ ನೋಡಿ, ಆರತಿ ತಟ್ಟೆ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

ದಸರಾ ಕಳೆಯಿತು. ಈ ಸಲ ಸ್ಕೂಟರಿಗೆ ಮುಸುಕು ಹಾಕಲು ನಾನು ಬಿಟ್ಟಿಲ್ಲ. ಮೆಕ್ಯಾನಿಕ್ಕಿಗೆ ನಾನೇ ಫೋನ್ ಮಾಡಿದ್ದೇನೆ, ಇವತ್ತು ಬರ್ತೀನಿ ನಾಳೆ ಬರ್ತೀನಿ ಅನ್ನುತ್ತಿದ್ದಾನೆ. ಗಾಡಿಯನ್ನು ಮೆಟ್ಟಿಲ ಕೆಳಗೆ ಒಯ್ದಾಗ ಆ ನಿಂಬೆಹಣ್ಣನ್ನೂ ಒಯ್ದು ಚಕ್ರದ ಮುಂದೆ ಇಟ್ಟೆ. ಒಣಗಿ ಅಡಿಕೆಯಷ್ಟಾಗಿದೆ. "ಅದನ್ನ ತೆಗೆದು ಬಿಸಾಕ್ಬಾರ್ದಾ" ಅಂತ ಅತ್ತೆ ಗುಡಿಸುವಾಗಲೆಲ್ಲ ಅನ್ನುತ್ತಾರೆ, ಆದರೆ ಅವರೂ ಅದರ ಸುತ್ತ ಗುಡಿಸಿ ಹೋಗುತ್ತಾರೆ.

ಬೆಳಿಗ್ಗೆ ಬೀದಿ ಖಾಲಿ ಇರುವಾಗ ಮಗಳನ್ನು ಸೈಕಲ್ಲಿನ ಮೇಲೆ ಕೂರಿಸಿ ನಾನು ಬಾಗಿಲಲ್ಲಿ ಕೂರುತ್ತೇನೆ. ಅವಳು ಕೈ ತೊಡೆಯ ಮೇಲಿಟ್ಟುಕೊಂಡು ಹಿಂದೆ ತಿರುಗಿ ನೋಡುತ್ತಾಳೆ. ನಾನು ಏಳುವುದಿಲ್ಲ. ಅಂಗಡಿಗಳ ಬಾಗಿಲು ತೆಗೆಯುವ ಸದ್ದಾಗುತ್ತದೆ, ಒಳಗೆ ಬರುತ್ತೇವೆ. ನಿನ್ನೆ ಒಂದು ಕಾಲು ಪೆಡಲಿನ ಮೇಲಿಟ್ಟಳು. ಒತ್ತಲಿಲ್ಲ, ಸುಮ್ಮನೆ ಇಟ್ಟಳು. ನನಗೆ ತಡೆಯಲಾಗಲಿಲ್ಲ, ಎದ್ದು ಹೋದೆ. ಕೈ ಅವಳ ಬೆನ್ನಿನವರೆಗೂ ಹೋಗಿಬಿಟ್ಟಿತ್ತು, ಹಿಂದಕ್ಕೆ ಎಳೆದುಕೊಂಡೆ.