ತಪಾಸಣೆ ಮುನಿನಾರಾಯಣಪ್ಪ

ನಮ್ಮ ತಾತ ಮುನಿನಾರಾಯಣಪ್ಪ ಚಿನ್ನದ ಗಣಿಯ ಗೇಟಿನಲ್ಲಿ ಕಾವಲುಗಾರ. ಸಾವಿರದ ಒಂಬೈನೂರ ಮೂವತ್ತರ ಆಸುಪಾಸಿನ ಮಾತು. ಪಾಳಿ ಮುಗಿಸಿ ಹೊರಬರುವ ಆಳುಗಳ ಸೊಂಟ, ಪೇಟ, ಬಾಯಿ ಎಲ್ಲ ತಡಕಿ, ಚಿನ್ನದ ಕಲ್ಲಿನ ಚೂರು ಅಡಗಿಸಿಕೊಂಡಿಲ್ಲ ಎಂದು ಗೊತ್ತಾದ ಮೇಲೆ ಬಿಡುವುದು ಅವನ ಕೆಲಸ.

ಅವನ ಮೇಲಿದ್ದ ಜಮೇದಾರ ಶ್ರೀರಾಮಪ್ಪನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಆಳುಗಳ ತಪಾಸಣೆ ಮುಗಿಸಿದ ಕಾವಲುಗಾರರನ್ನು ಕೊನೆಗೆ ತಾನೇ ತಡಕಿ ನೋಡುತ್ತಿದ್ದ, ಬಾಯಿ ಕೂಡ ತೆರೆಸಿ. ಹತ್ತೊಂಬತ್ತು ವರ್ಷ ಒಂದು ದಿನವೂ ತಪ್ಪಿಸಲಿಲ್ಲ, ಪುಣ್ಯಾತ್ಮ. ತಾತ ತುಟಿಪಿಟಕ್ಕೆನ್ನದೆ ಕೈ ಎತ್ತಿ ನಿಲ್ಲುತ್ತಿದ್ದ. ಆಮೇಲೆ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು, ಹಳ್ಳಿಗೆ ನಡೆದು ಬಂದು ಅದೇ ದರ್ಬಾರನ್ನು ಮನೆಯಲ್ಲಿ ಶುರು ಮಾಡುತ್ತಿದ್ದ. ಮಕ್ಕಳ ಬಾಯಲ್ಲಿ ಬೆಲ್ಲ ಇದೆಯೇ, ಅಜ್ಜಿ ವೆಂಕಟರತ್ನಮ್ಮನ ಸೆರಗಿನ ಗಂಟಿನಲ್ಲಿ ಏನಿದೆ, ಎಲ್ಲ ನೋಡಲೇಬೇಕು.

“ಅದನ್ನೆಲ್ಲ ನಿನ್ ಗೇಟ್ ತಾವ ಇಟ್ಕ. ನಾನೇನು ಗಣಿ ಒಳಗಿಂದ ಎದ್ದು ಬಂದೀನಾ?” ಎನ್ನುತ್ತಿದ್ದಳು ಅಜ್ಜಿ. ಒಂದು ದಿನ ಬೇಕೆಂದೇ ಸೆರಗಿನಲ್ಲಿ ಸಗಣಿ ಕಟ್ಟಿಕೊಂಡಳು. ತಾತ ಕೈ ತೊಳೆದುಕೊಂಡು ಬಂದ. ಬುದ್ಧಿ ಮಾತ್ರ ಬರಲಿಲ್ಲ.

ಶ್ರೀರಾಮಪ್ಪ ಕೆಲಸ ಬಿಟ್ಟ ಮೇಲೆ ಮುನಿಸ್ವಾಮಪ್ಪ ಎಂಬುವವನು ಜಮೇದಾರನಾಗಿ ಬಂದ. ಮೊದಲ ದಿನ ಪಾಳಿ ಮುಗಿದಾಗ ತಾತ ಎಂದಿನಂತೆ ಅವನೆದುರು ಕೈ ಎತ್ತಿ, ಬಾಯಿ ತೆರೆದು ನಿಂತ.

“ಯಾಕಪ್ಪ, ಅಲ್ಲು ನೋಯ್ತದಾ?”

“ತಪಾಸಣೆ ಸಾಮಿ.”

“ನಿನ್ನ ನಂಬಿ ತಾನೆ ಗೇಟಿಗಾಕಿರಾದು? ಮನೇಗೋಗು.”

ತಾತನಿಗೆ ಖುಷಿಯಾಗಬೇಕಿತ್ತು. ಪಾಪ, ಕಕ್ಕಾಬಿಕ್ಕಿಯಾದ. ಕೈಯನ್ನು ಎಲ್ಲಿಡಬೇಕೋ ತಿಳಿಯದೆ ರೈಲಿನಲ್ಲಿ ಕೂತು ಬಂದ.

ಆ ವಾರವೇ ಬೂದಿಕೋಟೆಯ ಕೋದಂಡಪ್ಪ ಮಗನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದ. ಹೆಣ್ಣು ಅಂದರೆ ನಮ್ಮಮ್ಮ ಅಕ್ಕಯ್ಯಮ್ಮ. ಹುಡುಗನನ್ನು ಕಿಟಕಿಯಿಂದ ನೋಡಿ ಆಗಲೇ ಮನಸ್ಸಿನಲ್ಲಿ ಒಪ್ಪಿಬಿಟ್ಟಿದ್ದಳು. ಕೋದಂಡಪ್ಪ ಹೊಸಿಲು ದಾಟಿದ್ದೇ ತಡ, ತಾತನ ಕೈ ತಾನಾಗಿ ಅವನ ಸೊಂಟಕ್ಕೆ ಹೋಯಿತು. ಅಜ್ಜಿ ಅಯ್ಯೋ ಎನ್ನುವಷ್ಟರಲ್ಲಿ ಪೇಟವೂ ಕೈಗೆ ಬಂದಿತ್ತು.

“ಬಾಯಿ ತೆಗಿ,” ಅಂತಲೂ ಅಂದುಬಿಟ್ಟ.

“ನಾವೇನು ಕಳ್ಳರಾ?” ಕೋದಂಡಪ್ಪ ಪೇಟ ಕಿತ್ತುಕೊಂಡು, ಒಂದು ಲೋಟ ನೀರೂ ಕುಡಿಯದೆ ಮಗನೊಂದಿಗೆ ಹೊರಟೇಹೋದ. ಅಮ್ಮ ಅತ್ತಳು. ಅಜ್ಜಿ ಒಂದು ಮಾತೂ ಬೈಯಲಿಲ್ಲ. ತಾತನಿಗೆ ಅದೇ ಹೆಚ್ಚು ಹೆದರಿಕೆಯಾಯಿತು.

ಮರುದಿನ ಗೇಟಿನಲ್ಲಿ ತಾತ ಯಾರ ಮೈಗೂ ಕೈ ಹಾಕಲಾರದೆ ನಿಂತ. ಶ್ರೀರಾಮಪ್ಪನಾಗಿದ್ದರೆ ಅಲ್ಲಿಗೇ ಕೆಲಸ ಹೋಗುತ್ತಿತ್ತು. ಮುನಿಸ್ವಾಮಪ್ಪ ಪಕ್ಕಕ್ಕೆ ಕರೆದು ಕೂರಿಸಿ ಏನಾಯಿತೆಂದು ಕೇಳಿದ. ಕೇಳಿ ಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಆಮೇಲೆ ಭಾನುವಾರ ತಾನೇ ತಾತನ ಜೊತೆ ಬೂದಿಕೋಟೆಗೆ ಹೊರಟ.

ಕೋದಂಡಪ್ಪನ ಜಗಲಿಯ ಮೇಲೆ ಕೂತು ಜಮೇದಾರ ನೇರವಾಗಿ ಹೇಳಿದ: “ಅತ್ತೊಂಬತ್ತು ವರ್ಸ ದಿನಾ ಇವನ ಮೈ ತಡಕಿ ಮನೇಗೆ ಕಳ್ಸಿದೀವಿ. ಆ ಚಾಳಿ ಅಂಟ್ಸಿದ್ದು ನಾವು. ತಪ್ಪು ನಮ್ ಗೇಟಿಂದು, ಇವಂದಲ್ಲ.”

ಅವನು ಬಂದು ಹದಿನೈದು ದಿನವೂ ಆಗಿರಲಿಲ್ಲ. ಆ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನದ ಪಾಲೂ ಅವನದಲ್ಲ. ಆದರೂ ‘ನಾವು’ ಎಂದ. ಆ ಒಂದು ಮಾತಿಗೆ ನಾನು ಇಂದಿಗೂ ಅವನಿಗೆ ಕೈಮುಗಿಯುತ್ತೇನೆ.

ಕೋದಂಡಪ್ಪ ತಾತನ ಕಡೆ ತಿರುಗಿದ. “ದಿನಾನೂವಾ? ನೀವೇನೂ ಅನ್ಲಿಲ್ವಾ?”

“ಮೂರು ಮಕ್ಳು ಸಾಮಿ,” ಎಂದ ತಾತ.

ಕೋದಂಡಪ್ಪ ಎದ್ದು ಒಳಗೆ ಹೋದ. ಬರುವಾಗ ಎಲೆ ಅಡಿಕೆ ಇಟ್ಟ ತಟ್ಟೆ ತಂದ. ತಾತನ ಎರಡೂ ಕೈಗಳನ್ನು ಎಳೆದು ಅವುಗಳಲ್ಲಿ ತಟ್ಟೆ ಇಟ್ಟ.

“ಈ ಕೈಗೆ ಇನ್ನೊಂದು ಕೆಲ್ಸ ಕೊಡಾನ. ಇಡ್ಕಳ್ಳಿ ಬೀಗ್ರೇ.”

ತಟ್ಟೆ ಹಿಡಿದುಕೊಂಡೇ ತಾತ ಎಲ್ಲರೆದುರಿಗೆ ಅತ್ತುಬಿಟ್ಟ.