ಹೊಲವಿಲ್ಲದ ಮಾಸ್ತರರ ಎಳ್ಳಮಾವಾಸ್ಯೆ

ಮೊನ್ನೆ ಎಳ್ಳಮಾವಾಸ್ಯೆಯ ಬೆಳಿಗ್ಗೆ ಬೀದರಿನ ಚಿದ್ರಿಯ ನಮ್ಮ ಮನೆಯ ಪಕ್ಕದವರು ಭಜ್ಜಿ ಕುದಿಸುತ್ತಿದ್ದರು. ತೊಗರಿ, ಅವರೆ, ಹಸಿಕಡಲೆ, ಮೆಂತ್ಯೆ, ಪುಂಡಿಸೊಪ್ಪು ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದು ಏಳುವ ಆ ಹುಳಿವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಆ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಬೆಳೆಯ ಮೇಲೆ ಚರಗ ಚೆಲ್ಲಿ, ಭೂಮಿತಾಯಿ ಉಂಡ ಮೇಲೆ ನಾವು ಅಲ್ಲೇ ಕುಳಿತು ಉಣ್ಣಬೇಕು. ಆದರೆ ಆ ವಾಸನೆಗೆ ನನಗೆ ನೆನಪಾಗುವುದು ಹೊಲವಲ್ಲ, ಬೀದರಿನ ಕೋಟೆ. ಕೋಟೆಯ ಜೊತೆಗೆ ನಮ್ಮ ಭೂಗೋಳದ ಮಾಸ್ತರರು…

ಆಗ ನಾವು ಭಾಲ್ಕಿಯಲ್ಲಿದ್ದೆವು. ಪೊಲೀಸ್ ಆ್ಯಕ್ಷನ್ ಆಗಿ, ಮಂದಿ ಊರು ಬಿಟ್ಟು ಓಡಿದ ಆ ಗಲಭೆ ಅಡಗಿ ಒಂದೆರಡು ವರ್ಷ ಕಳೆದಿತ್ತು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ನಡೆಯುತ್ತಿದ್ದ ಶಾಲೆಯಲ್ಲಿ ಕನ್ನಡ ಶುರುವಾಗಿತ್ತು. ಕನ್ನಡದಲ್ಲಿ ಭೂಗೋಳ ಕಲಿಸಲು ಬಂದ ಮಾಸ್ತರರು ಹೈದರಾಬಾದ್ ಶಹರದಲ್ಲೇ ಹುಟ್ಟಿ ಬೆಳೆದ ಕನ್ನಡಿಗರು. ಒಂಟಿ ಮನುಷ್ಯ. ಎತ್ತರದ ಆಳು, ಮೇಲೊಂದು ಮಾಸಿದ ಶೇರ್ವಾನಿ. ಜೋಳ ಯಾವುದು, ಸಜ್ಜೆ ಯಾವುದು ಎಂದು ಅವರಿಗೆ ಗುರುತು ಹತ್ತುತ್ತಿರಲಿಲ್ಲ. ನಾವು ನಕ್ಕರೆ ತಾವೂ ನಗುತ್ತಿದ್ದರು.

ಒಮ್ಮೆ ಅವರು ಯಾವುದೋ ಮಾಸಪತ್ರಿಕೆಯಿಂದ ಕತ್ತರಿಸಿದ ಚಿತ್ರವೊಂದನ್ನು ತರಗತಿಯ ಗೋಡೆಗೆ ಅಂಟಿಸಿದರು. ದಕ್ಷಿಣ ಅಮೆರಿಕದ ಬೆಟ್ಟದ ನೆತ್ತಿಯ ಮೇಲೆ ಇಂಕಾ ರಾಜರು ಕಟ್ಟಿದ ಕಲ್ಲಿನ ಊರು. ಗೋಡೆಗಳಿದ್ದವು, ಸೂರಿರಲಿಲ್ಲ, ಮೋಡ ಒಳಗೇ ಬಂದು ಕೂತಿತ್ತು. ನಾವೂ ಅದನ್ನು ನೋಡಬೇಕೆಂದು ನಾನು ಹಟ ಹಿಡಿದೆ.

"ಅದಕ್ಕ ಸಮುದ್ರ ದಾಟಬೇಕವ್ವ. ನಮ್ಮ ಹಂತೇಲೇ ಒಂದು ಅದ, ರೈಲಿನಾಗ ಕುಂತ್ರ ಮುಟ್ಟತೇವಿ" ಎಂದರು ಮಾಸ್ತರರು. ಬೀದರ್ ಕೋಟೆಗೆ ಹೋಗುವುದೆಂದು ಆಯಿತು. ಶಾಲೆಗೆ ಸೂಟಿ ಇರುವ ದಿನ ನೋಡಿ ತಾರೀಖನ್ನೂ ಗೊತ್ತುಮಾಡಿದರು.

ಆ ದಿನ ಎಳ್ಳಮಾವಾಸ್ಯೆ.

ಮನೆಯಲ್ಲಿ ಹೇಳಿದಾಗ ನಮ್ಮ ಆಯಿ, ಅಂದರೆ ನನ್ನ ಅಜ್ಜಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಎಳ್ಳಮಾಸಿ ದಿನ ಹೊಲಾ ಬಿಟ್ಟು ಬಿದ್ದ ಕ್ವಾಟಿ ನೋಡಲಕ ಹೋಗ್ತಿಯೇನ? ಆಗಂಗಿಲ್ಲ." ನಾನು ಅತ್ತೆ, ಊಟ ಬಿಟ್ಟೆ, ಮೂಲೆ ಹಿಡಿದು ಕೂತೆ. ಹೊಲ ಬಿಟ್ಟರೆ ಬೇರೆ ಜಾಗ ಕಂಡವಳಲ್ಲ, ರೈಲು ಹತ್ತಿದವಳಂತೂ ಅಲ್ಲವೇ ಅಲ್ಲ. ಈಗ ತಪ್ಪಿದರೆ ಮುಂದೆ ಯಾರು ಕರೆದೊಯ್ಯುತ್ತಾರೆ? ಉಳಿದ ಮನೆಗಳಲ್ಲೂ ಇದೇ ಉತ್ತರ ಬಂದಿತ್ತು. ನಮ್ಮ ಓಣಿಯಲ್ಲಿ ಆಯಿಯ ಮಾತು ನಡೆಯುತ್ತಿತ್ತಾದ್ದರಿಂದ ಮಾಸ್ತರರು ಸೀದಾ ನಮ್ಮ ಮನೆಗೇ ಬಂದರು.

"ಆಯಿ, ಅವತ್ತೇ ಸೂಟಿ ಅದರಿ. ಕ್ವಾಟ್ಯಾಗಿನ ರಂಗೀನ ಮಹಲಿನ ಕೀಲಿ ತೆಗಿ ಅಂತ ಪಹರೇದಾರಗ ಕೈ ಮುಗಿದು ಮಿನ್ನತ್ ಮಾಡೇನಿ. ಮತ್ತೊಮ್ಮಿ ತೆಗಿತಾನೋ ಇಲ್ಲೋ."

"ಸೂಟಿ ಯಾಕ ಕೊಡ್ತಾರ ಅಂತ ಗೊತ್ತಿಲ್ಲೇನರಿ ಮಾಸ್ತರ? ಹೋದ ವರ್ಷ ಇಲ್ಲೇ ಇದ್ರಿ. ಯಾರ ಹೊಲಕ್ಕ ಹೋಗಿದ್ರಿ?"

ಮಾಸ್ತರರು ನಗುತ್ತಲೇ ಹೇಳಿದರು. ಹಿಂದಿನ ವರ್ಷ ಆ ದಿನ ಅವರು ಬಾಗಿಲು ತೆಗೆದು ನೋಡಿದರೆ ಓಣಿಗೆ ಓಣಿಯೇ ಖಾಲಿ. ಮನೆಗಳಿಗೆಲ್ಲ ಕೀಲಿ, ಚಹಾದ ಹೋಟೆಲೂ ಮುಚ್ಚಿತ್ತು. "ಮತ್ತ ಏನೋ ಗಡಬಡ ಆಗ್ಯದ, ಮಂದಿ ಊರು ಬಿಟ್ಟಾರ ಅಂದ್ಕೊಂಡ್ನರಿ. ಅಗಳಿ ಹಾಕ್ಕೊಂಡು ಕುಂತೆ. ಹೊಗಿ ಕಾಣಸ್ತದ ಅಂತ ಒಲಿ ಸೈತ ಹಚ್ಚಲಿಲ್ಲ. ಸಂಜಿಗಿ ಬಂಡಿ ಸಪ್ಪಳ, ಹುಡುಗರ ನಗು ಕೇಳಿದ ಮ್ಯಾಲೆ ಬಾಗಲಾ ತೆಗೆದೆ."

ಅಪ್ಪ ಹೊಟ್ಟೆ ಹಿಡಿದು ನಕ್ಕ. ಆಯಿ ನಗಲಿಲ್ಲ. ಹೊಲ ಇಲ್ಲದವರನ್ನು ಹೊಲ ಇದ್ದವರು ಅವತ್ತು ಕರೆಯಲೇಬೇಕು. ದಾರಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಉಣಿಸುವ ಊರು ನಮ್ಮದು. ಅಂಥ ಊರಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವರು ಹೆದರಿಕೊಂಡು ಉಪವಾಸ ಕೂತಿದ್ದರು.

"ಊರ ತುಂಬ ಹೊಲ ಅವ. ಒಬ್ಬರಾದ್ರೂ ನಿಮಗ ಕರಿಲಿಲ್ಲಾ?" ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, ತೀರ್ಮಾನ ಹೇಳುವ ದನಿಯಲ್ಲಿ, "ಈ ಸರ್ತಿ ಆ ಕ್ವಾಟಿನೇ ನಿಮ್ಮ ಹೊಲ. ನಾವೇ ನಿಮ್ಮ ಹೊಲಕ್ಕ ಬರ್ತೇವಿ. ಚರಗ ಮಾತ್ರ ನೀವೇ ಚೆಲ್ಲಬೇಕು" ಎಂದಳು.

ನಾನು ಎದ್ದು ಕುಣಿದೆ.

ಅಪ್ಪ ನಮ್ಮ ಹೊಲಕ್ಕೆ ಹೋದ. ಆಯಿ ಭಜ್ಜಿಯ ಗಡಿಗೆ ಹಿಡಿದು ರೈಲು ಹತ್ತಿದಳು. ಅವಳ ಹಿಂದೆ ಓಣಿಯ ಹೆಂಗಸರು, ಸಜ್ಜಿರೊಟ್ಟಿಯ ಗಂಟು, ಅಂಬಲಿಯ ಮಗಿ, ನಾವು ಮಕ್ಕಳ ದಂಡು. ರೈಲು ಡಬ್ಬಿಯ ತುಂಬ ಭಜ್ಜಿಯ ವಾಸನೆ. ಪರವೂರಿಗೆ ಹೊರಟಿದ್ದವರೂ ನಮ್ಮ ಗಡಿಗೆಗಳ ಕಡೆಗೇ ನೋಡುತ್ತಿದ್ದರು. ಮಾಸ್ತರರು ಮದುಮಗನ ಹಾಗೆ ನಾಚಿಕೊಂಡು ಬಾಗಿಲ ಹತ್ತಿರ ನಿಂತಿದ್ದರು.

ಕೋಟೆಯ ಬಾಗಿಲು ದಾಟಿದ್ದೇ ತಡ, ನಾನು ಎಲ್ಲರಿಗಿಂತ ಮುಂದೆ ಓಡಿದೆ. ರಂಗೀನ ಮಹಲಿನ ಕೀಲಿ ತೆಗೆದಾಗ ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು ಒಳಗಿನ ಮಬ್ಬಿನಲ್ಲೂ ಮಿನುಗಿತು. ಸುಲ್ತಾನರ ಸಿಂಹಾಸನವಿದ್ದ ತಖ್ತ ಮಹಲಿಗೆ ಮಾತ್ರ ಸೂರೇ ಇರಲಿಲ್ಲ. ಕೋಟೆಯ ಗೋಡೆಯ ಅಂಚಿಗೆ ನಿಂತರೆ ಕೆಳಗೆ ಕಣ್ಣು ಹಾಯುವಷ್ಟು ಹೊಲ. ಅಲ್ಲೂ ಸಣ್ಣಗೆ ಮಂದಿ, ಬಂಡಿ, ಹಬ್ಬ.

ಆಯಿ ಮಹಲಿನ ಮುಂದಿನ ತೋಟದಲ್ಲಿ ಬಿದ್ದ ಕಲ್ಲುಗಳಲ್ಲಿ ಐದನ್ನು ಆರಿಸಿ, ಹೊಲದಲ್ಲಿ ಮಾಡುವಂತೆಯೇ ಪಾಂಡವರೆಂದು ಇಟ್ಟು, ಸುಣ್ಣ ಹಚ್ಚಿ ಪೂಜೆ ಮಾಡಿದಳು. ಮಾಸ್ತರರು ಶೇರ್ವಾನಿಯ ತೋಳು ಮೇಲೇರಿಸಿ, ಚರಗದ ಮೊದಲ ತುತ್ತನ್ನು ಚೆಂಡು ಒಗೆದಂತೆ ಒಗೆದರು.

"ಚೆಂಡಾಟ ಅಲ್ಲರಿ ಮಾಸ್ತರ. ಹಸದಾಕಿಗಿ ಉಣಸೋದು, ಸಾವಕಾಶ" ಎಂದಳು ಆಯಿ. ಮುದುಕ ಪಹರೇದಾರ ತಾನೇ ನೀರಿನ ಚೆಂಬು ಹಿಡಿದು, ಚಿಮುಕಿಸುತ್ತಾ ಅವರ ಹಿಂದೆ ನಡೆದ. ಎಷ್ಟೋ ವರ್ಷದಿಂದ ತನ್ನ ಹೊಲದಲ್ಲೂ ಇದನ್ನೇ ಮಾಡುವವನಂತೆ. ಒಣಹುಲ್ಲು ಬೆಳೆದ ಆ ಪಾಳು ತೋಟಕ್ಕೆ ಹಿಂದೆ ಯಾವ ರಾಜ ಉಣಿಸಿದ್ದನೋ…

ಊಟಕ್ಕೆ ಕುಳಿತಾಗ ನಾನು ಆ ಚಿತ್ರದ ಊರಿನ ಸುದ್ದಿ ತೆಗೆದೆ. ಆಯಿ ಮಾಸ್ತರರನ್ನು ಕೇಳಿದಳು, "ಆ ಇಂಕಾ ಮಂದೀನೂ ಹಿಂಗ ಚರಗ ಚೆಲ್ತಿದ್ರೇನರಿ?"

"ಚೆಲ್ತಿದ್ರು ಆಯಿ. ಅವರೂ ಭೂಮಿಗಿ ತಾಯಿ ಅಂತಿದ್ರಂತ, ಓದೇನಿ."

"ಹಂಗಾದ್ರ ಛಲೋ ಮಂದಿ" ಎಂದು ಆಯಿ ಅವರಿಗೆ ಇನ್ನೊಂದು ಸೌಟು ಭಜ್ಜಿ ಬಡಿಸಿದಳು. ಅಷ್ಟು ಖುಷಿಯನ್ನು ನಾನು ನನ್ನ ಮದುವೆಯಲ್ಲೂ ಕಂಡಿಲ್ಲ.

ಮುಂದಿನ ವರ್ಷದಿಂದ ಮಾಸ್ತರರನ್ನು ಕರೆಯಲು ಮನೆಮನೆಗೂ ಪೈಪೋಟಿ. ಒಂದು ಹೊಲದಲ್ಲಿ ಉಂಡರೆ ಇನ್ನೊಂದು ಹೊಲದವರಿಗೆ ಸಿಟ್ಟು. "ಉಪವಾಸ ಕುಂತ ವರ್ಷನೇ ಬೇಷಿತ್ತರಿ ಆಯಿ" ಎಂದು ಮಾಸ್ತರರು ಹೊಟ್ಟೆ ಸವರಿಕೊಳ್ಳುತ್ತಿದ್ದರು.

ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರಿದಾಗ ಅವರು ತಮ್ಮ ಶಹರಕ್ಕೆ ಹೊರಟುಹೋದರು. ಆಯಿ ತೀರಿಕೊಂಡಳು. ಮಾಸ್ತರರೂ ತೀರಿಹೋದರೆಂದು ಬಹಳ ತಡವಾಗಿ ತಿಳಿಯಿತು. ಮೊನ್ನೆ ಪಕ್ಕದವರು ನನ್ನನ್ನೂ ತಮ್ಮ ಹೊಲಕ್ಕೆ ಕರೆದೊಯ್ದರು. ಜೋಳದ ನಡುವೆ ಕುಳಿತು ಉಣ್ಣುತ್ತಾ, ಮಾಸ್ತರರು ಹೈದರಾಬಾದಿನಲ್ಲಿ ಕಳೆದ ಅಷ್ಟು ವರ್ಷಗಳ ಎಳ್ಳಮಾವಾಸ್ಯೆಗಳನ್ನು ನೆನೆದೆ. ಆ ದೊಡ್ಡ ಶಹರದಲ್ಲಿ ಅವರನ್ನು ಕರೆಯಲು ಒಂದು ಹೊಲವೂ ಇರಲಿಲ್ಲ, ನಮ್ಮ ಆಯಿಯೂ ಇರಲಿಲ್ಲ.