ವಿಮಾನ ಹತ್ತದ ಪೀಶಕತ್ತಿ

ಅಪ್ಪು, ಚಿನ್ನಿ, ಇದನ್ನು ನಿಮ್ಮಿಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಅಪ್ಪು ತಾನೇ ಓದಿಕೊಳ್ಳುತ್ತಾನೆ. ಚಿನ್ನಿ, ನಿನ್ನ ಮುಂಬೈ ಶಾಲೆಯಲ್ಲಿ ಕನ್ನಡ ಇಲ್ಲ, ನೀನು ಅಮ್ಮನ ಹತ್ತಿರ ಓದಿಸಿಕೋ.

ಹೋದ ಬೇಸಿಗೆ ರಜೆಯಲ್ಲಿ ನೀವು ಜಗಲಿಯಲ್ಲಿ ಜಗಳ ಆಡಿದ್ದು ನನಗೆ ಒಳಗೆ ಕೇಳುತ್ತಿತ್ತು. "ನನ್ನ ತೊಟ್ಲಿಗೆ ಅಜ್ಜನ ಕತ್ತಿ ಇಟ್ಟಿದ್ರ್. ನಿಂಗೆ ಬರೀ ತುಕ್ಕು ಹಿಡ್ದ್ ಬೀಗದ್ ಕೈ" ಎಂದು ಅಪ್ಪು ಹಂಗಿಸಿದ. ಚಿನ್ನಿ ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದು ಕೇಳಿದಳು: "ಅಮ್ಮಮ್ಮ, ನಾನ್ ಹೆಣ್ಣಂತ ಕತ್ತಿ ಇಡ್ಲಿಲ್ಯಾ?"

ಅಲ್ಲ ಮಗಾ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಆಗಲಿಲ್ಲ. ನನಗೆ ಎದುರು ಕೂತು ಮಾತಾಡುವುದು ಮೊದಲಿನಿಂದಲೂ ಕಷ್ಟ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತದ್ದು ಇಂಥದಕ್ಕಾದರೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಕತ್ತಿಯ ವಿಷಯ. ಅದು ನಿಮ್ಮ ಅಜ್ಜನದು, ಮಡಚುವ ಪೀಶಕತ್ತಿ, ನನ್ನ ಹೆಬ್ಬೆರಳಿನಷ್ಟೇ ಉದ್ದ. ಅಜ್ಜ ದೋಣಿಗೆ ಹೋಗುತ್ತಿದ್ದ ಕಾಲದಿಂದಲೂ ಅದು ಅವರ ಸೊಂಟದಲ್ಲಿತ್ತು. ಕಡಲಿಗೆ ಹೋಗುವುದನ್ನು ಬಿಟ್ಟ ಮೇಲೆ ಅಂಗಳದ ತೆಂಗಿನ ಬುಡದಲ್ಲಿ ಕೂತು ಬೇರೆಯವರ ಹರಿದ ಬಲೆ ರಿಪೇರಿ ಮಾಡಿ ಕೊಡುತ್ತಿದ್ದರು. ಬಲೆಯ ನೂಲು ಕತ್ತರಿಸುವುದಕ್ಕೂ ಅದೇ, ಮಾವಿನಕಾಯಿಗೂ ಅದೇ, ಕಾಲಿಗೆ ಹೊಕ್ಕ ಮುಳ್ಳು ತೆಗೆಯುವುದಕ್ಕೂ ಅದೇ. ಹಿಡಿ ಬಿರುಕು ಬಿಟ್ಟಾಗ ಬಲೆಯ ನೂಲನ್ನೇ ಬಿಗಿಯಾಗಿ ಸುತ್ತಿದ್ದರು. ಮಸೆದು ಮಸೆದು ಅಲಗು ಎಲೆಯ ಹಾಗೆ ತೆಳ್ಳಗಾಗಿತ್ತು. ಕೆಲಸ ಮುಗಿದ ಮೇಲೆ ಅದನ್ನು ಒರೆಸಿ ತಮ್ಮ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಆ ಪೆಟ್ಟಿಗೆಯನ್ನು ಮಕ್ಕಳು ಮುಟ್ಟುವ ಹಾಗೆ ಇರಲಿಲ್ಲ.

ನಮ್ಮಲ್ಲಿ ಹಸುಗೂಸನ್ನು ತೊಟ್ಟಿಲಲ್ಲಿ ಒಂದೇ ಮಲಗಿಸುವುದಿಲ್ಲ, ಜೊತೆಗೆ ಕಬ್ಬಿಣ ಇರಬೇಕು. ಮಗು ಬೆಚ್ಚಿ ಬೀಳಬಾರದು, ಹೊರಗಿನದು ಏನೂ ಸೋಕಬಾರದು ಎಂದು ಹಾಸಿಗೆಯ ಅಡಿಗೆ ಕತ್ತಿ ಇಡುತ್ತಾರೆ. ನನ್ನ ಮಕ್ಕಳು, ಅಪ್ಪುವಿನ ಅಪ್ಪ ಮತ್ತು ಚಿನ್ನಿಯ ಅಮ್ಮ, ಹುಟ್ಟಿದಾಗ ಇಟ್ಟದ್ದು ನನ್ನ ಅತ್ತೆ. ಕತ್ತಿಯನ್ನು ಪೆಟ್ಟಿಗೆಯಿಂದ ತೆಗೆದವಳೇ ತೊಟ್ಟಿಲಿಗೆ ಇಡಬೇಕು, ನಡುವೆ ಎಲ್ಲಿಯೂ ಕೆಳಗಿಡಬಾರದು, ಇನ್ನೊಬ್ಬರ ಕೈಗೆ ಕೊಡಬಾರದು ಎಂದು ಅವರು ನನಗೆ ಕಲಿಸಿದ್ದರು.

ಅತ್ತೆ ಬ್ರಹ್ಮಾವರದ ಸಂತೆಯಲ್ಲಿ ಮೀನು ಮಾರುತ್ತಿದ್ದರು. ಗಟ್ಟಿ ಬಾಯಿ. ಮದುವೆಯಾದ ಹೊಸತರಲ್ಲಿ ನನ್ನನ್ನೂ ಬುಟ್ಟಿ ಹೊರಿಸಿ ಕರೆದುಕೊಂಡು ಹೋಗಿದ್ದರು. ಹೋಗುವವರನ್ನು "ಹ್ವಾಯ್" ಎಂದು ಕೂಗಿ ಕರೆಯಬೇಕು. ನನ್ನ ಬಾಯಿಂದ ಸ್ವರವೇ ಹೊರಡಲಿಲ್ಲ. ಸಂಜೆ ಮನೆಗೆ ಬಂದು ಅತ್ತೆ ನಿಮ್ಮ ಅಜ್ಜನಿಗೆ, "ನಿನ್ನ ಹೆಂಡ್ತಿ ಮೀನು ಮಾರುಕೆ ಬಂದದ್ದಲ್ಲ ಮಾರಾಯ, ಮೀನಿಗೆ ಗಾಳಿ ಹಾಕುಕೆ ಬಂದದ್" ಎಂದರು. ಅಜ್ಜ ನಗು ತಡೆಯಲಾರದೆ ಹೊರಗೆ ಹೋದರು. ಆಮೇಲೆ ನನ್ನನ್ನು ಸಂತೆಗೆ ಕರೆಯಲಿಲ್ಲ.

ಅಪ್ಪು ಹುಟ್ಟುವಾಗ ಅತ್ತೆ ಇರಲಿಲ್ಲ, ಅಜ್ಜನೂ ಹೋಗಿಯಾಗಿತ್ತು. ಗಂಡ ತೀರಿದ ಮೇಲೆ ಶುಭಕಾರ್ಯದಲ್ಲಿ ನಾನು ಆರತಿ ಎತ್ತುವುದಿಲ್ಲ. ಬೇಡ ಎಂದು ಯಾರೂ ಹೇಳಿಲ್ಲ, ನಾನೇ ಕಂಬದ ಹಿಂದೆ ನಿಲ್ಲುತ್ತೇನೆ. ಆದರೆ ಕತ್ತಿ ಇಡುವುದು ಅಜ್ಜಿಯ ಕೆಲಸ, ಅದಕ್ಕೆ ಅರಿಶಿನ ಕುಂಕುಮ ಕೇಳುವವರಿಲ್ಲ. ಅಪ್ಪುವಿನ ತೊಟ್ಟಿಲಿನ ದಿನ ಎಲ್ಲರೂ ಸರಿದು ನನಗೆ ದಾರಿ ಬಿಟ್ಟರು. ಆ ದಿನ ನಾನೂ ಆ ಮನೆಗೆ ಬೇಕಾದವಳು ಎಂದು ಅನ್ನಿಸಿತ್ತು.

ಚಿನ್ನಿ, ನೀನು ಹುಟ್ಟುವುದಕ್ಕೆ ನಿನ್ನ ಅಮ್ಮ ಊರಿಗೇ ಬರಬೇಕಿತ್ತು. ಡಾಕ್ಟರು ಪ್ರಯಾಣ ಬೇಡ ಎಂದರು. ಸರಿ, ದಿನ ಹತ್ತಿರ ಬಂದಾಗ ನಾನು ರೈಲಿನಲ್ಲಿ ಹೋಗುವುದು ಎಂದಾಗಿತ್ತು. ಅಷ್ಟರಲ್ಲಿ ನೀನು ಅವಸರ ಮಾಡಿ ಮೊದಲೇ ಬಂದುಬಿಟ್ಟೆ. ನಿನ್ನ ಮಾವ, ಎಂದರೆ ಅಪ್ಪುವಿನ ಅಪ್ಪ, ಮಂಗಳೂರಿನಿಂದ ವಿಮಾನದ ಟಿಕೆಟ್ ಮಾಡಿಸಿದ. ನಾನು ವಿಮಾನವನ್ನು ಕಂಡದ್ದು ಅಂಗಳದಲ್ಲಿ ನಿಂತು ತಲೆ ಎತ್ತಿ ಮಾತ್ರ.

ಹೊರಡುವ ಬೆಳಿಗ್ಗೆ ಪೆಟ್ಟಿಗೆ ತೆಗೆದು ಕತ್ತಿಯನ್ನು ಬಿಳಿ ಬಟ್ಟೆಯ ಚೂರಿನಲ್ಲಿ ಸುತ್ತಿದೆ. ಪೆಟ್ಟಿಗೆಗೆ ಪುನಃ ಬೀಗ ಹಾಕಿ ಆ ಬೀಗದ ಕೈಯನ್ನೂ ಜೊತೆಗೆ ಸಂಚಿಯೊಳಗೆ ಹಾಕಿ, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಾರಿನಲ್ಲಿ ಸಾಸ್ತಾನದ ಟೋಲಿನ ಹತ್ತಿರ ಸಾಲು ನಿಂತಾಗ ಮಗ ಪಾಠ ಹೇಳಿಕೊಟ್ಟ. ದೊಡ್ಡ ಚೀಲ ಕೌಂಟರಿನಲ್ಲಿ ಕೊಡಬೇಕು, ಅದು ಮುಂಬೈಯಲ್ಲಿ ಸಿಗುತ್ತದೆ. ಕೈಚೀಲ ನನ್ನ ಹತ್ತಿರವೇ ಇರುತ್ತದೆ, ಅದನ್ನು ಮಿಷನ್ನಿನಲ್ಲಿ ನೋಡುತ್ತಾರೆ. ಕತ್ತಿ, ಕತ್ತರಿ, ಉಪ್ಪಿನಕಾಯಿ ಏನಾದರೂ ಕೈಚೀಲದಲ್ಲಿ ಇದೆಯಾ ಎಂದು ಕೇಳಿದ. ಇಲ್ಲ ಎಂದೆ. ಚೀಲದಲ್ಲಿ ಇರಲಿಲ್ಲವಲ್ಲ. ನೋಡುವುದು ಚೀಲವನ್ನು ಎಂದೇ ನಾನು ತಿಳಿದಿದ್ದೆ. ಹೆಂಗಸರ ಸೊಂಟವನ್ನೂ ನೋಡುತ್ತಾರೆ ಎಂದು ಯಾರಿಗೆ ಗೊತ್ತು? ದೊಡ್ಡ ಚೀಲದಲ್ಲಿ ಇಟ್ಟಿದ್ದರೆ ಏನೂ ತೊಂದರೆ ಇರಲಿಲ್ಲವಂತೆ. ಆದರೆ ಆ ಚೀಲವನ್ನು ಕೆಳಗಿಡುತ್ತಾರೆ, ಹತ್ತು ಜನ ಎತ್ತುತ್ತಾರೆ. ಅಲ್ಲಿ ಹೇಗೆ ಇಡಲಿ?

ಮಗ ಕೌಂಟರಿನವರೆಗೆ ಬರುವ ಹಾಗಿರಲಿಲ್ಲ, ಬಾಗಿಲಲ್ಲೇ ನಿಂತ. ಒಳಗೆ ಕೌಂಟರಿನ ಹುಡುಗಿ ಕನ್ನಡದವಳೇ, ಚೀಲ ತೆಗೆದುಕೊಂಡು ದಾರಿ ತೋರಿಸಿದಳು. ತಪಾಸಣೆಯಲ್ಲಿ ಹೆಂಗಸರಿಗೆ ಬೇರೆ ಸಾಲು, ಪರದೆ ಕಟ್ಟಿದ ಸಣ್ಣ ಗೂಡು. ಖಾಕಿ ತೊಟ್ಟ ಒಬ್ಬಳು, ನನ್ನ ಮಗಳ ಪ್ರಾಯದವಳು, ಕೈಯಲ್ಲಿದ್ದ ಕೋಲನ್ನು ಮೈಯ ಸುತ್ತ ಆಡಿಸಿದಳು. ಸೊಂಟದ ಹತ್ತಿರ ಅದು ಕುಂಯ್ಯೆಂದಿತು. ಹಿಂದಿಯಲ್ಲಿ ಏನೋ ಕೇಳಿದಳು. ನಾನು ಸಂಚಿ ತೆಗೆದು ಬಟ್ಟೆ ಬಿಚ್ಚಿ ತೋರಿಸಿದೆ.

ಅವಳ ಮುಖ ಬದಲಾಯಿತು. ಹೊರಗೆ ಕರೆತಂದು ಪ್ಲಾಸ್ಟಿಕ್ಕಿನ ಟ್ರೇ ಮುಂದಿಟ್ಟು, ಇದರಲ್ಲಿ ಹಾಕು ಎಂದು ಕೈ ತೋರಿಸಿದಳು. ಆ ಟ್ರೇಯಲ್ಲಿ ಆಗಷ್ಟೇ ಯಾರದೋ ಬೂಟು ಬಂದು ಹೋಗಿತ್ತು. ನಾನು ಹಾಕಲಿಲ್ಲ. ಅವಳು ಕೈ ಚಾಚಿದಳು, ಕೊಡಲಿಲ್ಲ. ಕತ್ತಿಯನ್ನು ಮುಷ್ಟಿಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡು ನಿಂತೆ. ಕೊಟ್ಟರೆ ಕಸದ ಡಬ್ಬಿಗೆ ಹಾಕುತ್ತಾರೆ ಎಂದು ಗೊತ್ತಿತ್ತು, ಪಕ್ಕದಲ್ಲೇ ಒಂದು ಡಬ್ಬಿ ತುಂಬ ಬೀಡಿ ಲೈಟರು, ಕತ್ತರಿ, ಸ್ಕ್ರೂಡ್ರೈವರು ಬಿದ್ದಿದ್ದವು. ಸಾಲಿನಲ್ಲಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಬಂದೂಕು ಹಿಡಿದ ಒಬ್ಬ ಗಂಡಸು ಈ ಕಡೆ ಬಂದ. ಜೀವಮಾನದಲ್ಲಿ ಒಂದು ಕೋಳಿಯನ್ನೂ ಗದರದ ನಾನು, ವಿಮಾನ ನಿಲ್ದಾಣದಲ್ಲಿ ಕತ್ತಿ ಹಿಡಿದು ನಿಂತವಳಾದೆ.

ನನ್ನ ಹಿಂದೆ ಬ್ರಹ್ಮಾವರದ ಕಡೆಯ ಒಬ್ಬರು ಹೆಂಗಸು ಇದ್ದರು, ಮುಂಬೈಯಲ್ಲಿ ಮಗನ ಮನೆಗೆ ಹೊರಟವರು. ಅವರೇ ಮಾತು ತೆಗೆದದ್ದು.

"ಹ್ವಾಯ್ ಅಕ್ಕ, ಎಂತ ಮಾಡ್ತಿದ್ರಿ? ಕೈ ಬಿಚ್ಚಿ ಕಾಂಬ. ಇವ್ರ್ ನಮ್ಮಿಬ್ಬರನ್ನೂ ಒಟ್ಟಿಗೆ ಹಿಡ್ದ್ ಒಳಗೆ ಹಾಕ್ತ್ರ್."

ನನಗೆ ಅಳು ಬಂತು. ಆದರೆ ಅಲ್ಲಿ ಹೇಳದಿದ್ದರೆ ಕತ್ತಿ ಹೋಗಿಯೇ ಹೋಗುತ್ತಿತ್ತು. ಎಲ್ಲರಿಗೂ ಕೇಳುವ ಹಾಗೆ, ನನ್ನದಲ್ಲವೆನ್ನುವಂಥ ಸ್ವರದಲ್ಲಿ ಹೇಳಿದೆ: "ಮೊಮ್ಮಗಳು ಹುಟ್ಟಿತ್. ತೊಟ್ಲಿಗೆ ಇಡುಕೆ ಕಬ್ಬಿಣ. ಅವ್ಳ ಅಜ್ಜನ ಕತ್ತಿ ಇದ್. ಬಿಸಾಡುಕೆ ಕೊಡೂದಿಲ್ಲ."

ಆ ಹೆಂಗಸು "ಅಯ್ಯೋ, ಅಷ್ಟೆಯಾ" ಎಂದು ಮುಂಬೈ ಹಿಂದಿಯಲ್ಲಿ ಖಾಕಿಯವಳಿಗೆ ವಿವರಿಸಿದರು, ಕೈಯಲ್ಲಿ ತೊಟ್ಟಿಲು ತೂಗಿಯೂ ತೋರಿಸಿದರು. ಖಾಕಿಯವಳು ನನ್ನನ್ನು ನೋಡಿ "ಬಚ್ಚಾ?" ಎಂದಳು. ನಾನು ಹೌದೆಂದು ತಲೆ ಅಲ್ಲಾಡಿಸಿದೆ. ಅವಳು ಬಂದೂಕಿನವನಿಗೆ ಏನೋ ಹೇಳಿ ಕಳಿಸಿದಳು. ತನ್ನ ಊರಿನಲ್ಲೂ ತಲೆದಿಂಬಿನ ಕೆಳಗೆ ಚಾಕು ಇಡುತ್ತಾರೆ, ತನ್ನ ಮಗನಿಗೂ ತಾಯಿ ಇಟ್ಟಿದ್ದಳು, ಆದರೆ ಒಳಗೆ ಬಿಡುವುದಕ್ಕೆ ತನ್ನಿಂದ ಸಾಧ್ಯವೇ ಇಲ್ಲ ಎಂದಳಂತೆ. ಬ್ರಹ್ಮಾವರದವರು ಅದನ್ನೆಲ್ಲ ನನಗೆ ಕನ್ನಡದಲ್ಲಿ ಹೇಳಿದರು. ಬಿಸಾಡುವುದು ಬೇಡ, ಕರೆತಂದವರು ಇದ್ದರೆ ಹೊರಗೆ ಹೋಗಿ ಅವರ ಕೈಗೆ ಕೊಟ್ಟು ಬರಲಿ ಎಂದಳು ಖಾಕಿಯವಳು. ದೊಡ್ಡ ಚೀಲ ಆಗಲೇ ಹೋಗಿಯಾಗಿತ್ತು.

ಮಗನಿಗೆ ಫೋನ್ ಮಾಡಿದೆ. ಅವನು ನಿಲ್ದಾಣದ ಗುಡ್ಡ ಇಳಿದು ಹೆದ್ದಾರಿಯ ಹತ್ತಿರ ಮುಟ್ಟಿದ್ದ. ತಿರುಗಿ ಬಂದ. ಕೌಂಟರಿನ ಹುಡುಗಿ ನನ್ನನ್ನು ಬಾಗಿಲವರೆಗೆ ಕರೆದುಕೊಂಡು ಹೋದಳು. ಅಡ್ಡ ಕಟ್ಟಿದ ಕಂಬಿಯ ಆಚೆ ಅವನು, ಈಚೆ ನಾನು.

"ಎಂತಕ್ಕೆ ಅಮ್ಮ, ನಾನ್ ಕೇಂಡಿದ್ನಲೆ, ಕತ್ತಿ ಇತ್ತಾ ಅಂದೇಳಿ?"

"ಚೀಲದ್ ಒಳ್ಗೆ ಇತ್ತಾ ಅಂದಿ. ಇರ್ಲಿಲ್ಲ."

ಬೈಯಲು ಬಂದವನು ಬೈಯಲಿಲ್ಲ. ನಾನು ಬಟ್ಟೆ ಸಮೇತ ಕತ್ತಿ ಕೊಟ್ಟೆ. ಇನ್ನೊಬ್ಬರ ಕೈ ಸೇರಿದ ಮೇಲೆ ಅದು ಆ ತೊಟ್ಟಿಲಿಗೆ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. "ಅಪ್ಪನ ಪೆಟ್ಗಿ ಒಳ್ಗೇ ಇಡ್ತೆ. ನೀ ಹೋಗ್, ಹೊತ್ತಾತ್" ಎಂದ.

ನಾನು ಬರಿಗೈಯಲ್ಲಿ ತಿರುಗಿ ಬಂದೆ. ಅಷ್ಟು ದೂರ ಹೋಗಿ ನಾನು ಮಾಡುವುದಾದರೂ ಏನು ಎನಿಸಿತು. ಎಣ್ಣೆ ಹಚ್ಚಿ ಮೀಯಿಸಲು ಅಲ್ಲಿ ಅವರೇ ಒಬ್ಬಳನ್ನು ಗೊತ್ತು ಮಾಡಿದ್ದರು. ಆರತಿಗೆ ಅಳಿಯನ ತಾಯಿ ಇದ್ದರು. ಪರದೆಯ ಗೂಡಿನಲ್ಲಿ ಕೋಲು ಪುನಃ ಕುಂಯ್ಯೆಂದಿತು. ನಾನು ಸಂಚಿ ಬಿಚ್ಚಿದೆ. ಉಳಿದದ್ದು ಬೀಗದ ಕೈ ಒಂದೇ. ಹಳೆಯ ಕಾಲದ್ದು, ಭಾರದ್ದು. ಖಾಕಿಯವಳು ಅದನ್ನು ಮುಟ್ಟಲಿಲ್ಲ. ನನ್ನ ಅಂಗೈಯಲ್ಲಿದ್ದ ಹಾಗೆಯೇ ನೋಡಿದಳು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದಳು: "ಯೇ ಭೀ ತೋ ಲೋಹಾ ಹೈ, ಮಾಜೀ."

ಅದು ನನಗೆ ಯಾರೂ ಹೇಳಿಕೊಡದೆಯೇ ಅರ್ಥವಾಯಿತು. ಇದೂ ಕಬ್ಬಿಣವೇ ಅಲ್ಲವಾ. ಪೆಟ್ಟಿಗೆಯಿಂದ ಅಲ್ಲಿಯವರೆಗೆ ಅದೂ ನನ್ನ ಸೊಂಟದಲ್ಲೇ ಬಂದಿತ್ತು. ಕೆಳಗೆ ಇಟ್ಟಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬೇಗ ಹೋಗಿ ಎಂದು ಬೆನ್ನು ತಟ್ಟಿ ಕಳಿಸಿದಳು.

ವಿಮಾನದಲ್ಲಿ ಕಿಟಕಿಯ ಹತ್ತಿರ ಕೂತೆನಂತೆ, ಏನು ಕಂಡೆನೋ ನೆನಪಿಲ್ಲ. ಉದ್ದಕ್ಕೂ ಸಂಚಿ ಹಿಡಿದುಕೊಂಡೇ ಇದ್ದೆ. ಆ ಬ್ರಹ್ಮಾವರದವರು ನನ್ನ ಪಾಲಿನ ಬಿಸ್ಕೆಟನ್ನೂ ತಿಂದು, ಊರಿನಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ ಎಂದು ನಗುತ್ತಲೇ ಇದ್ದರು.

ಚಿನ್ನಿ, ನಿನ್ನ ಅಮ್ಮ ಹಾಸಿಗೆಯಿಂದಲೇ "ಕತ್ತಿ ತಂದ್ಯಾ?" ಎಂದು ಕೇಳಿದಳು. ನಾನು ಬೀಗದ ಕೈ ತೋರಿಸಿದೆ. ಅವಳಿಗೆ ತಕ್ಷಣ ಗುರುತು ಸಿಕ್ಕಿತು. "ಅಪ್ಪ ನಮ್ಗೆ ಪೆಟ್ಗಿ ಮುಟ್ಟುಕೆ ಬಿಡ್ತಿರ್ಲಿಲ್ಲ. ಇವ್ಳಿಗೆ ಬೀಗದ್ ಕೈಯೇ ಸಿಕ್ತ್ ಕಾಣ್" ಎಂದು ನಕ್ಕಳು, ಆಮೇಲೆ ಅತ್ತಳು. ತೊಟ್ಟಿಲಿನ ದಿನ ಅಳಿಯನ ತಾಯಿ ತಾವಾಗಿ ಸರಿದು ನನ್ನನ್ನು ಮುಂದೆ ಕರೆದರು. ನಿನ್ನ ಹಾಸಿಗೆಯ ಅಡಿಗೆ ಅದನ್ನು ನಾನೇ ಇಟ್ಟೆ. ಹೆಣ್ಣು ಎಂದು ಕಡಿಮೆ ಮಾಡಿದ್ದಲ್ಲ ಮಗಾ. ನಿನಗೋಸ್ಕರ ನಾನು ಅಷ್ಟು ಜನರ ಎದುರು ಬಾಯಿ ತೆಗೆದೆ. ಅಪ್ಪುವಿನ ಸಲ ನನಗೆ ಅಂಥ ಕಷ್ಟವೇ ಬಂದಿರಲಿಲ್ಲ. ಅಪ್ಪು, ಇನ್ನು ಮೇಲೆ ಅವಳನ್ನು ಹಂಗಿಸಬೇಡ.

ಇನ್ನೊಂದು ವಿಷಯ. ಬೀಗದ ಕೈ ನನ್ನ ಜೊತೆ ಮುಂಬೈಗೆ ಹೋದದ್ದು ಅಪ್ಪುವಿನ ಅಪ್ಪನಿಗೆ ನೆನಪಾದದ್ದು ಮನೆಗೆ ಮುಟ್ಟಿದ ಮೇಲೆ. ಕತ್ತಿ ಪೆಟ್ಟಿಗೆಯಲ್ಲಿಡುತ್ತೇನೆ ಎಂದು ಮಾತು ಕೊಟ್ಟಾಗಿತ್ತು. ಬೀಗ ಒಡೆಯಲು ಮನಸ್ಸು ಬಾರದೆ, ಅದರ ಕೊಂಡಿಯ ಮೊಳೆಗಳನ್ನು ಒಂದೊಂದೇ ಎಳೆದು ತೆಗೆದು ಒಳಗಿಟ್ಟಿದ್ದ. ಕತ್ತಿ ಈಗಲೂ ಅಲ್ಲಿಯೇ ಇದೆ, ಬೀಗದ ಕೈ ಚಿನ್ನಿಯ ಹತ್ತಿರವೇ ಉಳಿದದ್ದರಿಂದ ಪೆಟ್ಟಿಗೆಗೆ ಬೀಗ ಮಾತ್ರ ಇಲ್ಲ. ಈ ಕಾಗದಗಳನ್ನೂ ಅದರಲ್ಲೇ, ಬಲೆಯ ನೂಲಿನ ಉಂಡೆಯ ಕೆಳಗೆ ಇಡುತ್ತೇನೆ. ಬೀಗ ಇಲ್ಲದ್ದರಿಂದ ಕಾಯುವವರು ನೀವೇ ಇಬ್ಬರು. ಮಳೆಗಾಲದಲ್ಲಿ ತಂಡಿ ಹಿಡಿಯುತ್ತದೆ, ಅಪ್ಪು, ಬಿಸಿಲು ಬಂದಾಗ ಹೊರಗೆ ಹರಡಿ ಒಣಗಿಸಿ ಪುನಃ ಒಳಗಿಡು. ಚಿನ್ನಿ ಬಂದಾಗ ಅವಳಿಗೂ ತೆಗೆದು ಕೊಡು. ಹರಿಯದ ಹಾಗೆ ನೋಡಿಕೊಳ್ಳಿ.